ಬೆಕ್ ಮಠದ ಆಚಾರ್ಯ ಅನ್ಸೆಲ್ಮ್

ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿರುವ ನಾರ್ಮಂಡಿ ಪ್ರಾಂತದಲ್ಲಿ ಲೆ ಬೆಕ್ ಎಲ್ವಾಂ ಎಂಬುದೊಂದು ಪುಟ್ಟ ಗ್ರಾಮ. ರೂವಾಂ ನಗರದಿಂದ ನೈಋತ್ಯ ದಿಕ್ಕಿಗೆ ಸುಮಾರು 40 ಕಿಲೋಮೀಟರು ಸಾಗಿದರೆ, ಕಾಡು ಹೊದ್ದ ದಿಬ್ಬಗಳ ನಡುವಣ ತಗ್ಗಿನಲ್ಲಿ ಈ ಊರು ಕಾಣಸಿಗುತ್ತದೆ. ಅಲ್ಲಿಯ ಜನಸಂಖ್ಯೆ ಸುಮಾರು 400. ದೊಡ್ಡ ಪೇಟೆಯಿಲ್ಲ, ಕಾರ್ಖಾನೆಯಿಲ್ಲ. ಊರಿನ ಬಳಿ ಹರಿಯುವ ಸಣ್ಣ ತೊರೆಯೊಂದು ಮುಂದೆ ರೀಲ್ ಎಂಬ ನದಿಯನ್ನು ಸೇರುತ್ತದೆ. ನಾರ್ಮನ್ನರ ಪೂರ್ವಿಕರ ನುಡಿಯಲ್ಲಿ ಬೆಕ್ ಎಂದರೆ ತೊರೆಯೆಂದೇ ಅರ್ಥ. ಎಲ್ವಾಂ ಎಂಬುದು ಹೆರ್ಲುಯಿನ್ ಎಂಬ ವ್ಯಕ್ತಿನಾಮದ ಫ್ರೆಂಚ್ ರೂಪ. ಹೆರ್ಲುಯಿನ್ನನ ತೊರೆ ಎಂಬುದೇ ಊರಿನ ಹೆಸರಿನ ಅರ್ಥವಾಯಿತು. ಇಷ್ಟು ಚಿಕ್ಕ ಊರಿನ ಹೆಸರು ಯುರೋಪ್ ಖಂಡದ ವಿದ್ಯಾಚರಿತ್ರೆಯಲ್ಲಿ ಅಳಿಸಲಾರದಂತೆ ಉಳಿದುದಕ್ಕೆ ಕಾರಣ ಅಲ್ಲಿ ಸ್ಥಾಪಿತವಾದ ಒಂದು ಮಠ ಮತ್ತು ಆ ಮಠದಲ್ಲಿ 33 ವರ್ಷಗಳ ಕಾಲ ಬಾಳಿ ಬೋಧಿಸಿದ ಒಬ್ಬ ಗುರು. ಆತನೇ ಸಂತ ಅನ್ಸೆಲ್ಮ್.

ಅನ್ಸೆಲ್ಮನನ್ನು ತತ್ತ್ವಜ್ಞಾನಿಯೆಂದು ಲೋಕವು ಬಲ್ಲದು. ದೇವರ ಅಸ್ತಿತ್ವವನ್ನು ಕೇವಲ ತರ್ಕದಿಂದ ಸಾಧಿಸಹೊರಟ ಆತನ ವಾದವನ್ನು ಒಂಬತ್ತು ಶತಮಾನಗಳಿಂದ ಪಂಡಿತರು ಮಂಡಿಸುತ್ತಲೂ ಖಂಡಿಸುತ್ತಲೂ ಬಂದಿದ್ದಾರೆ. ಇಂಗ್ಲೆಂಡಿನ ಇಬ್ಬರು ದೊರೆಗಳನ್ನು ಎದುರಿಸಿ ನಿಂತ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷನೆಂದು ಚರಿತ್ರಕಾರರು ಆತನನ್ನು ಬಣ್ಣಿಸುತ್ತಾರೆ. ಆದರೆ ಈ ಎರಡು ಕೀರ್ತಿಗಳಿಗೂ ಬೇರು ಮೂರನೆಯದೊಂದು ಗುಣದಲ್ಲಿದೆ. ಆತನು ಮೊದಲು ಅಧ್ಯಾಪಕ, ಆಮೇಲೆ ಉಳಿದುದೆಲ್ಲ. ತನಗೆ ಎದುರಾಡುವ ಶಿಷ್ಯನನ್ನು ಹೇಗೆ ಕಾಣಬೇಕೆಂಬುದನ್ನು ಆತನು ಬೆಕ್ ಮಠದ ಹುಡುಗರ ನಡುವೆ ಕಲಿತನು. ಅಲ್ಲಿ ಕಲಿತುದನ್ನೇ ವಿದ್ವಾಂಸರ ಮುಂದೆಯೂ ಅರಸರ ಮುಂದೆಯೂ ಆಚರಿಸಿದನು. ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಪುಟದಲ್ಲಿ ಆತನ ಜೀವಿತವನ್ನು ಈ ದೃಷ್ಟಿಯಿಂದ ನಿರೂಪಿಸುವುದು ಉಚಿತವೆಂದು ಭಾವಿಸಿದ್ದೇನೆ.

ಅನ್ಸೆಲ್ಮನ ಕಥೆಗೆ ಮುನ್ನ ಆ ಮಠದ ಹುಟ್ಟನ್ನು ಅರಿಯುವುದು ಅವಶ್ಯಕ. ಹೆರ್ಲುಯಿನ್ ಎಂಬಾತನು ಬ್ರಿಯೋನ್ ಎಂಬಲ್ಲಿಯ ಗಿಲ್ಬರ್ಟ್ ಎಂಬ ಸಾಮಂತನ ಆಸ್ಥಾನದಲ್ಲಿ ಕುದುರೆಯೇರಿ ಯುದ್ಧಮಾಡುವ ವೀರನಾಗಿದ್ದನು. ನಾಲ್ವತ್ತರ ಸಮೀಪದಲ್ಲಿ ಆತನಿಗೆ ಲೌಕಿಕದಲ್ಲಿ ವಿರಕ್ತಿ ಹುಟ್ಟಿತು. 1034ರಲ್ಲಿ ತನ್ನ ಸ್ವಂತ ಭೂಮಿಯಲ್ಲಿ ಚಿಕ್ಕದೊಂದು ಮಠವನ್ನು ಕಟ್ಟಿದನು. ಕೆಲವು ವರ್ಷಗಳ ತರುವಾಯ, ನೀರಿನ ಅನುಕೂಲವಿದ್ದ ಬೆಕ್ ಕಣಿವೆಗೆ ಅದನ್ನು ಸಾಗಿಸಿದನು. ಆತನಿಗೆ ಅಕ್ಷರಾಭ್ಯಾಸವಿರಲಿಲ್ಲ. ಹಗಲೆಲ್ಲ ಮಣ್ಣು ಅಗೆದು, ಕಲ್ಲು ಹೊತ್ತು, ಗೋಡೆ ಕಟ್ಟಿ ದಣಿದ ಆ ಪ್ರೌಢನು ರಾತ್ರಿಯಲ್ಲಿ ಎಳೆಯ ಮಕ್ಕಳಂತೆ ಅಕ್ಷರಮಾಲೆಯನ್ನು ತಿದ್ದಿ ಕಲಿತನು. ಆತನ ತಾಯಿಯೂ ತನ್ನ ಆಸ್ತಿಯನ್ನು ಧರ್ಮಕಾರ್ಯಕ್ಕೆ ಒಪ್ಪಿಸಿ, ಮಠವಾಸಿಗಳ ಬಟ್ಟೆ ಒಗೆಯುವ ಸೇವೆಯನ್ನು ಕೈಗೊಂಡಳು. ಇಂಥ ದಾನವೂ ದುಡಿಮೆಯೂ ಕೂಡಿ ಆ ಮಠದ ಅಡಿಗಲ್ಲಾದವು.

ಸುಮಾರು 1042ರಲ್ಲಿ ಆ ಬಡಮಠದ ಬಾಗಿಲಿಗೆ ಇಟಲಿಯ ಪಾವಿಯಾ ನಗರದ ಲಾನ್‌ಫ್ರಾಂಕ್ ಎಂಬ ಪ್ರಸಿದ್ಧ ಪಂಡಿತನು ಬಂದನು. ಆಗ ಹೆರ್ಲುಯಿನ್ ತನ್ನ ಕೈಯಾರೆ ಒಲೆಯೊಂದನ್ನು ಕಟ್ಟುತ್ತಿದ್ದನೆಂದು ಪ್ರತೀತಿ. ವ್ಯಾಕರಣ, ತರ್ಕಗಳಲ್ಲಿ ನಿಷ್ಣಾತನಾದ ಆ ವಿದ್ವಾಂಸನು, ಅಕ್ಷರ ಕಲಿತು ಕೆಲವೇ ವರ್ಷಗಳಾಗಿದ್ದ ಆ ಸರಳಜೀವಿಗೆ ಶಿಷ್ಯನಾಗಿ ನಿಂತನು. ಆತನ ವಿನಯದ ಬಗ್ಗೆ ಒಂದು ಕಥೆಯುಂಟು. ಊಟದ ಪಂಕ್ತಿಯಲ್ಲಿ ಆತನು ಗ್ರಂಥಪಾರಾಯಣ ಮಾಡುತ್ತಿದ್ದಾಗ, ಬೋಧಿಸುವುದು ಎಂಬರ್ಥದ ಲ್ಯಾಟಿನ್ ಪದವೊಂದರ ನಡುವಣ ಸ್ವರವನ್ನು ದೀರ್ಘವಾಗಿ ಉಚ್ಚರಿಸಿದನು. ಅದೇ ಸಾಧು ರೂಪ. ಆದರೆ ಮೇಲ್ವಿಚಾರಕನು ಅದನ್ನು ತಪ್ಪೆಂದು ಬಗೆದು ಹ್ರಸ್ವವಾಗಿ ಓದಬೇಕೆಂದು ತಿದ್ದಿದನು. ಹ್ರಸ್ವದೀರ್ಘಗಳ ಮರ್ಮವನ್ನೆಲ್ಲ ಬಲ್ಲ ಲಾನ್‌ಫ್ರಾಂಕನು ಮರುಮಾತಾಡದೆ ಹ್ರಸ್ವವಾಗಿಯೇ ಓದಿದನು. ಉಚ್ಚಾರದ ದೋಷಕ್ಕಿಂತ ಅವಿಧೇಯತೆಯ ದೋಷವು ಹಿರಿದೆಂಬುದು ಆತನ ಭಾವನೆಯಾಗಿತ್ತು. ಇಂಥ ಪಂಡಿತನು ಮಠದ ಬಡತನವನ್ನು ನೀಗುವುದಕ್ಕಾಗಿ ಹೊರಗಿನ ವಿದ್ಯಾರ್ಥಿಗಳಿಗೂ ಪಾಠಶಾಲೆಯನ್ನು ತೆರೆದಾಗ, ದೂರದೂರದ ದೇಶಗಳಿಂದ ಜಿಜ್ಞಾಸುಗಳು ಬೆಕ್ ಕಣಿವೆಗೆ ಬರತೊಡಗಿದರು. ಹಾಗೆ ಬಂದವರಲ್ಲಿ ಅನ್ಸೆಲ್ಮನೂ ಒಬ್ಬನು.

ಅನ್ಸೆಲ್ಮನು ಹುಟ್ಟಿದ್ದು 1033ರಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಿನ ಅವೋಸ್ತಾ ಪಟ್ಟಣದಲ್ಲಿ. ಅದು ಈಗ ಇಟಲಿಗೆ ಸೇರಿದೆ. ತಂದೆ ಗುಂಡುಲ್ಫ್ ಧಾರಾಳಿ, ಕೋಪಿಷ್ಠ. ತಾಯಿ ಎರ್ಮೆನ್‌ಬೆರ್ಗಾ ಸೌಮ್ಯ ಸ್ವಭಾವದ ಗೃಹಿಣಿ. ಬೆಟ್ಟಗಳ ನಡುವೆ ಬೆಳೆದ ಆ ಬಾಲಕನು, ದೇವರ ಆಸ್ಥಾನವು ಬೆಟ್ಟದ ತುದಿಯಲ್ಲೇ ಇರಬೇಕೆಂದು ನಂಬಿದ್ದನಂತೆ. ಒಂದು ರಾತ್ರಿ ಕನಸಿನಲ್ಲಿ ಬೆಟ್ಟವನ್ನೇರಿದನು. ತಪ್ಪಲಿನ ಹೊಲದಲ್ಲಿ ಪೈರು ಕೊಯ್ಯುತ್ತಿದ್ದ ಪರಮಾತ್ಮನ ಸೇವಕಿಯರು ಅಲಕ್ಷ್ಯದಿಂದ ಕೆಲಸಮಾಡುತ್ತಿರುವುದನ್ನು ಕಂಡು, ಅದನ್ನು ಒಡೆಯನಿಗೆ ಅರುಹಬೇಕೆಂದು ಮೇಲಕ್ಕೆ ನಡೆದನು. ಅಲ್ಲಿ ಪರಮಾತ್ಮನು ಆತನನ್ನು ಪಾದದ ಬಳಿ ಕೂರಿಸಿಕೊಂಡು, ಊರನ್ನೂ ಹೆಸರನ್ನೂ ವಿಚಾರಿಸಿ, ಬೆಳ್ಳನೆಯ ರೊಟ್ಟಿಯನ್ನು ತರಿಸಿ ಉಣಿಸಿದನು. ಬೆಳಗಾದ ಮೇಲೆ ಆ ಮಗು ತಾನು ನಿಜವಾಗಿಯೂ ಸ್ವರ್ಗದ ರೊಟ್ಟಿಯನ್ನು ತಿಂದೆನೆಂದು ಎಲ್ಲರಲ್ಲೂ ಹೇಳಿಕೊಂಡು ತಿರುಗಿತು.

ಆತನ ಬಾಲ್ಯದ ಬಗ್ಗೆ ಇನ್ನೊಂದು ಐತಿಹ್ಯವೂ ಪ್ರಚಲಿತವಾಗಿದೆ. ವಿದ್ಯೆಯಲ್ಲಿ ಆಸಕ್ತನಾದ ಅವನನ್ನು ಬಂಧುವೊಬ್ಬನ ಬಳಿ ಓದಲು ಬಿಡಲಾಯಿತು. ಆ ಉಪಾಧ್ಯಾಯನು ಅವನನ್ನು ಆಟಕ್ಕೂ ಬಿಡದೆ, ಮನೆಯಿಂದ ಹೊರಕ್ಕೂ ಕಳುಹಿಸದೆ, ಹಗಲಿರುಳು ಪಾಠದಲ್ಲೇ ಕೂಡಿಹಾಕಿದನು. ಕೆಲಕಾಲದಲ್ಲಿ ಹುಡುಗನ ಚಿತ್ತವೇ ಕೆಟ್ಟಂತಾಗಿ, ಹೆತ್ತ ತಾಯಿಯನ್ನು ಕಂಡರೂ ಮುಖ ತಿರುಗಿಸಿಕೊಳ್ಳುವ ಸ್ಥಿತಿಗೆ ಬಂದನು. ವಿವೇಕಿಯಾದ ತಾಯಿ ಗದರಲಿಲ್ಲ. ಮಗನು ಏನು ಮಾಡಬಯಸಿದರೂ ತಡೆಯಬಾರದೆಂದು ಮನೆಯ ಆಳುಗಳಿಗೆ ಅಪ್ಪಣೆ ಮಾಡಿದಳು. ಮೆಲ್ಲಮೆಲ್ಲನೆ ಅವನು ಮೊದಲಿನಂತಾದನು. ಮುಂದೆ ಆತನು ಶಿಕ್ಷಣದ ವಿಷಯದಲ್ಲಿ ತಳೆದ ನಿಲುವನ್ನು ನೋಡಿದರೆ, ಈ ಐತಿಹ್ಯವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಹದಿನೈದು ವರ್ಷ ತುಂಬುವ ಮುನ್ನವೇ ಅವನಿಗೆ ಸಂನ್ಯಾಸದ ಬಯಕೆ ಮೂಡಿತು. ಆದರೆ ತಂದೆಯ ಒಪ್ಪಿಗೆಯಿಲ್ಲವೆಂದು ಮಠಾಧಿಪತಿಯೊಬ್ಬನು ಆತನನ್ನು ಸ್ವೀಕರಿಸಲಿಲ್ಲ. ಕಾಯಿಲೆ ಬಿದ್ದರಾದರೂ ಕರುಣೆ ತೋರಿಯಾರೆಂದು ರೋಗವನ್ನೇ ಬೇಡಿಕೊಂಡನು. ರೋಗ ಬಂದಿತು, ದೀಕ್ಷೆ ದೊರೆಯಲಿಲ್ಲ. ಅನಂತರ ತಾರುಣ್ಯದ ಹುರುಪಿನಲ್ಲಿ ಆ ಬಯಕೆಯೂ ಮಾಸಿತು. ತಾಯಿಯ ಮರಣವಾದ ಮೇಲೆ ಆತನ ಬಾಳು ಲಂಗರು ಕಡಿದ ನೌಕೆಯಂತಾಯಿತು. ತಂದೆಗೆ ಮಗನ ಯಾವ ನಡತೆಯೂ ಸಹಿಸದಾಯಿತು. ಮಗನು ತಗ್ಗಿದಷ್ಟೂ ತಂದೆಯ ಕ್ರೋಧ ಹೆಚ್ಚಿತು. ಕಡೆಗೆ ಸುಮಾರು 23ನೆಯ ವಯಸ್ಸಿನಲ್ಲಿ, ಒಬ್ಬ ಸೇವಕನನ್ನೂ ಒಂದು ಕತ್ತೆಯನ್ನೂ ಜೊತೆಮಾಡಿಕೊಂಡು ಅನ್ಸೆಲ್ಮನು ತೌರೂರನ್ನು ಬಿಟ್ಟು ಹೊರಟನು. ಮೋಂ ಸೆನಿ ಕಣಿವೆಯ ಮಾರ್ಗವಾಗಿ ಆಲ್ಪ್ಸ್ ದಾಟುವಾಗ ಬಳಲಿ ಹಿಮವನ್ನು ಬಾಯಿಗೆ ಹಾಕಿಕೊಂಡು ಹಸಿವು ನೀಗಬೇಕಾಯಿತು. ತಿನ್ನಲು ಏನೂ ಉಳಿದಿಲ್ಲವೆಂದುಕೊಂಡಿದ್ದ ಚೀಲದಲ್ಲಿ ಸೇವಕನಿಗೆ ಬಿಳಿಯ ರೊಟ್ಟಿಯೊಂದು ಸಿಕ್ಕಿತೆಂದು ಚರಿತ್ರೆಕಾರನು ಬರೆದಿದ್ದಾನೆ.

ಬರ್ಗಂಡಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಮೂರು ವರ್ಷ ಅಲೆದಾಡಿ, ಲಾನ್‌ಫ್ರಾಂಕನ ಕೀರ್ತಿಯನ್ನು ಕೇಳಿ, 1059ರಲ್ಲಿ ಆತನು ಬೆಕ್ ಮಠಕ್ಕೆ ಬಂದನು. ಅಲ್ಲಿ ಹಗಲಿರುಳು ಅಧ್ಯಯನ ಮಾಡಿದನು, ಇತರರಿಗೂ ಪಾಠ ಹೇಳಿದನು. ನಿದ್ದೆಗೆಟ್ಟು, ಚಳಿ ಹಸಿವುಗಳನ್ನು ತಾಳಿಕೊಂಡು ಓದುತ್ತಿದ್ದಾಗ ಆತನಿಗೊಂದು ವಿಚಾರ ಹೊಳೆಯಿತು. ವಿದ್ಯೆಗಾಗಿ ಇಷ್ಟು ಕಷ್ಟಪಡುವವನು ಸಂನ್ಯಾಸಿಯಾದರೂ ಇದಕ್ಕಿಂತ ಹೆಚ್ಚು ಕಷ್ಟಪಡಬೇಕಾಗಿಲ್ಲ, ಪುಣ್ಯವಾದರೂ ಲಭಿಸೀತು. ಆದರೆ ಎಲ್ಲಿ ದೀಕ್ಷೆ ಪಡೆಯಬೇಕು? ಕ್ಲೂನಿಯ ಮಹಾಮಠಕ್ಕೆ ಹೋದರೆ ಅಲ್ಲಿಯ ದೀರ್ಘ ಪೂಜಾವಿಧಿಗಳಲ್ಲಿ ತನ್ನ ಓದೆಲ್ಲ ನಿರರ್ಥಕವಾದೀತು. ಬೆಕ್ ಮಠದಲ್ಲಿ ನಿಂತರೆ ಲಾನ್‌ಫ್ರಾಂಕನ ಪ್ರಭೆಯ ಮುಂದೆ ತನ್ನನ್ನು ಕೇಳುವವರೇ ಇರರು. ಹೀಗೆ ತೂಗಿನೋಡುತ್ತಿರುವಾಗಲೇ ತನ್ನ ತಕ್ಕಡಿಯಲ್ಲಿ ಅಹಂಕಾರವೇ ಕುಳಿತಿದೆಯೆಂಬ ಅರಿವು ಆತನಿಗಾಯಿತು. ಇತರರಿಗಿಂತ ಹಿಂದೆ ನಿಲ್ಲುವುದೇ ಸಂನ್ಯಾಸದ ಅರ್ಥವಾದರೆ, ತಾನು ಮಂಕಾಗಿ ಕಾಣುವ ಸ್ಥಳವೇ ತನಗೆ ತಕ್ಕ ಸ್ಥಳವೆಂದು ನಿಶ್ಚಯಿಸಿದನು. ಆದರೂ ಸ್ವಬುದ್ಧಿಯನ್ನೇ ನಂಬದೆ ಲಾನ್‌ಫ್ರಾಂಕನ ಸಲಹೆಯನ್ನೂ ರೂವಾಂ ಧರ್ಮಾಧ್ಯಕ್ಷ ಮಾರಿಲಿಯಸನ ಸಲಹೆಯನ್ನೂ ಪಡೆದು, 1060ರಲ್ಲಿ ತನ್ನ 27ನೆಯ ವಯಸ್ಸಿನಲ್ಲಿ ಬೆಕ್ ಮಠದಲ್ಲೇ ದೀಕ್ಷೆ ವಹಿಸಿದನು.

ಮೂರು ವರ್ಷಗಳಲ್ಲಿ ಲಾನ್‌ಫ್ರಾಂಕನು ಕಾನ್ ನಗರದ ಹೊಸ ಮಠಕ್ಕೆ ಅಧಿಪತಿಯಾಗಿ ತೆರಳಿದನು. ಮಠಾಧಿಪತಿಯ ನಂತರದ ಸ್ಥಾನವಾದ ಪ್ರಯರ್ ಪದವಿ 1063ರಲ್ಲಿ ಅನ್ಸೆಲ್ಮನಿಗೆ ಬಂದಿತು. ದೀಕ್ಷೆಯಲ್ಲಿ ತಮಗಿಂತ ಕಿರಿಯನಾದವನು ಮೇಲಕ್ಕೇರಿದನೆಂದು ಕೆಲವರು ಕರುಬಿದರು. ಅವರಲ್ಲಿ ಓಸ್‌ಬರ್ನ್ ಎಂಬ ಹುಡುಗನೂ ಒಬ್ಬನಾಗಿದ್ದನು. ಅವನ ಬುದ್ಧಿ ಚುರುಕು, ಕೈಕೆಲಸದಲ್ಲಿ ನಿಪುಣ. ಆದರೆ ಸ್ವಭಾವದಲ್ಲಿ ಹಟಮಾರಿ. ಹೊಸ ಮೇಲ್ವಿಚಾರಕನನ್ನು ಕಂಡರೆ ಅವನಿಗೆ ಎಲ್ಲಿಲ್ಲದ ದ್ವೇಷ. ದಂಡಿಸುವ ಅಧಿಕಾರ ಅನ್ಸೆಲ್ಮನ ಕೈಯಲ್ಲಿತ್ತು. ಆತನು ಅದನ್ನು ಬಳಸಲಿಲ್ಲ. ಮೊದಲು ಹುಡುಗನ ಚೇಷ್ಟೆಗಳನ್ನು ಸಹಿಸಿದನು. ಮಠದ ನಿಯಮಕ್ಕೆ ಭಂಗ ಬಾರದಷ್ಟು ಮಟ್ಟಿಗೆ ಅವನ ಇಷ್ಟಗಳನ್ನು ನಡೆಸಿಕೊಟ್ಟನು. ಹುಡುಗನ ಮನಸ್ಸು ಕರಗಿತು. ವಿಶ್ವಾಸ ಬೇರೂರಿದ ಮೇಲೆ ಆ ಸಲಿಗೆಗಳನ್ನು ಒಂದೊಂದಾಗಿ ಹಿಂತೆಗೆದುಕೊಂಡು, ಕಟ್ಟುನಿಟ್ಟಿನ ನಡತೆಯತ್ತ ಅವನನ್ನು ನಡೆಸಿದನು. ಮೊದಲೇ ಬಿಗಿದಿದ್ದರೆ ಮುರಿಯುತ್ತಿದ್ದವನು ಈಗ ಬಾಗಿದನು. ಗುರುವಿನ ಕಠಿಣವಾದ ಮಾತನ್ನೂ ಸಂತೋಷದಿಂದ ತಾಳಿಕೊಂಡನು.

ಓಸ್‌ಬರ್ನನ ಮೇಲೆ ಅನ್ಸೆಲ್ಮನು ದೊಡ್ಡ ಭರವಸೆಯಿಟ್ಟಿದ್ದನು. ಆದರೆ ಆ ತರುಣನು ವ್ಯಾಧಿಗ್ರಸ್ತನಾದನು. ಗುರುವು ಹಗಲಿರುಳು ಶಿಷ್ಯನ ಹಾಸಿಗೆಯ ಪಕ್ಕದಲ್ಲಿ ಕುಳಿತು, ತನ್ನ ಕೈಯಾರೆ ಅನ್ನಪಾನಗಳನ್ನು ಕೊಟ್ಟು ಶುಶ್ರೂಷೆ ಮಾಡಿದನು. ಓಸ್‌ಬರ್ನನು ಉಳಿಯಲಿಲ್ಲ. ಅವನ ಆತ್ಮಶಾಂತಿಗಾಗಿ ಅನ್ಸೆಲ್ಮನು ಒಂದು ವರ್ಷ ಪರ್ಯಂತ ಪ್ರತಿದಿನ ಪೂಜೆ ಸಲ್ಲಿಸಿದನು. ದೂರದ ಮಿತ್ರರಿಗೂ ಓಲೆ ಬರೆದು ಅವನಿಗಾಗಿ ಪ್ರಾರ್ಥಿಸಬೇಕೆಂದು ಬೇಡಿಕೊಂಡನು. ಬುದ್ಧಿವಂತ ಶಿಷ್ಯನನ್ನು ಪ್ರೀತಿಸುವುದು ಯಾವ ಗುರುವಿಗೂ ಕಷ್ಟವಲ್ಲ. ತನ್ನನ್ನು ದ್ವೇಷಿಸುವವನನ್ನು ಪ್ರೀತಿಸಿ ಗೆದ್ದು, ಗೆದ್ದವನನ್ನು ಕಳೆದುಕೊಂಡ ಈ ಪ್ರಸಂಗವು ಅನ್ಸೆಲ್ಮನ ಅಧ್ಯಾಪನಕ್ಕೆ ಹೊಸದೊಂದು ಆಳವನ್ನು ತಂದಿತೆನ್ನಬಹುದು.

ಆ ಕಾಲದ ಮಠಶಾಲೆಗಳಲ್ಲಿ ಬೆತ್ತವೇ ಆಚಾರ್ಯನಾಗಿತ್ತು. ಬಾಲ್ಯದಲ್ಲೇ ಮಠಕ್ಕೆ ಒಪ್ಪಿಸಲ್ಪಟ್ಟ ಮಕ್ಕಳನ್ನು ಹೊಡೆದು ತಿದ್ದುವುದೇ ಧರ್ಮವೆಂದು ಹಿರಿಯರು ತಿಳಿದಿದ್ದರು. ಒಮ್ಮೆ ಬೇರೊಂದು ಮಠದ ಅಧಿಪತಿಯು ಅನ್ಸೆಲ್ಮನ ಬಳಿ ತನ್ನ ಅಳಲನ್ನು ತೋಡಿಕೊಂಡನು. ಹಗಲೂ ರಾತ್ರಿಯೂ ಹೊಡೆಯುತ್ತಿದ್ದರೂ ತನ್ನ ಮಠದ ಹುಡುಗರು ದಿನೇ ದಿನೇ ಕೆಡುತ್ತಿದ್ದಾರೆಂಬುದು ಆತನ ಕೊರಗು. ಆ ಹುಡುಗರು ಬೆಳೆದು ದೊಡ್ಡವರಾದ ಮೇಲೆ ಏನಾಗುತ್ತಾರೆಂದು ಅನ್ಸೆಲ್ಮನು ಕೇಳಿದನು. ಮಂದರಾಗಿ, ಪಶುಸಮಾನರಾಗಿ ಉಳಿಯುತ್ತಾರೆಂದು ಉತ್ತರ ಬಂದಿತು. ಆಗ ಅನ್ಸೆಲ್ಮನು ತೋಟದ ಸಸಿಯ ದೃಷ್ಟಾಂತವನ್ನು ಮುಂದಿಟ್ಟನು. ಸಸಿಯೊಂದನ್ನು ನೆಟ್ಟು, ಅದು ಯಾವ ಕಡೆಗೂ ಕೊಂಬೆ ಚಾಚದಂತೆ ಸುತ್ತಲೂ ಬಿಗಿಯಾಗಿ ಕಟ್ಟಿಟ್ಟು, ವರ್ಷಗಳ ಮೇಲೆ ಕಟ್ಟು ಬಿಚ್ಚಿದರೆ ಕಾಣುವುದು ಡೊಂಕಾಗಿ ಹೆಣೆದುಕೊಂಡ ನಿಷ್ಫಲವಾದ ಗಿಡ. ಆ ದೋಷವು ಸಸಿಯದಲ್ಲ, ಕಟ್ಟಿದವನದು. ಭಯದಲ್ಲೇ ಬೆಳೆದ ಮಕ್ಕಳ ಮನಸ್ಸೂ ಹಾಗೆಯೇ ಮುಳ್ಳುಮುಳ್ಳಾಗಿ ಹೆಣೆದುಕೊಳ್ಳುತ್ತದೆ. ತಮ್ಮ ಮೇಲೆ ಯಾರಿಗೂ ಪ್ರೀತಿಯಿಲ್ಲವೆಂದು ಬಗೆದ ಅವರು, ಹಿರಿಯರ ಪ್ರತಿಯೊಂದು ನಡೆಯಲ್ಲೂ ಹಗೆತನವನ್ನೇ ಕಾಣುತ್ತಾರೆ.

ಅಷ್ಟಕ್ಕೇ ನಿಲ್ಲಿಸದೆ ಆತನು ಅಕ್ಕಸಾಲಿಗನ ಉದಾಹರಣೆಯನ್ನೂ ಕೊಟ್ಟನು. ಚಿನ್ನದ ತಗಡಿನಲ್ಲಿ ಚೆಲುವಾದ ರೂಪವನ್ನು ಮೂಡಿಸುವವನು ಬರಿಯ ಪೆಟ್ಟುಗಳನ್ನೇ ಹಾಕುವುದಿಲ್ಲ. ಒಮ್ಮೆ ಮೆಲ್ಲನೆ ಒತ್ತುತ್ತಾನೆ, ಒಮ್ಮೆ ಹಗುರವಾಗಿ ತಟ್ಟುತ್ತಾನೆ, ಒಮ್ಮೆ ನಯವಾಗಿ ಎತ್ತಿ ಆಕಾರ ಕೊಡುತ್ತಾನೆ. ಎಳೆಗೂಸಿಗೆ ಹಾಲು ಬೇಕು, ಬಲಿತವನಿಗೆ ರೊಟ್ಟಿ ಬೇಕು. ಕೂಸಿಗೆ ರೊಟ್ಟಿಯನ್ನು ತುರುಕಿದರೆ ಉಸಿರು ಕಟ್ಟುತ್ತದೆ. ಎಲ್ಲ ಆತ್ಮಗಳಿಗೂ ಅವುಗಳ ಶಕ್ತಿಗೆ ತಕ್ಕ ಆಹಾರವೇ ಸಲ್ಲಬೇಕು. ಈ ಮಾತುಗಳನ್ನು ಕೇಳಿದ ಮಠಾಧಿಪತಿಯು ತಾನು ದಾರಿ ತಪ್ಪಿದೆನೆಂದು ಒಪ್ಪಿಕೊಂಡು, ನೆಲದ ಮೇಲೆ ಬಿದ್ದು ಕ್ಷಮೆ ಬೇಡಿದನು. ಹನ್ನೊಂದನೆಯ ಶತಮಾನದಲ್ಲಿ ನಡೆದ ಈ ಸಂವಾದವು ಶಿಕ್ಷಣದ ಇತಿಹಾಸದಲ್ಲಿ ಇಂದಿಗೂ ನೆನೆಯತಕ್ಕದ್ದಾಗಿದೆ. ಇಲ್ಲಿ ಅನ್ಸೆಲ್ಮನು ಶಿಸ್ತನ್ನು ನಿರಾಕರಿಸಲಿಲ್ಲವೆಂಬುದನ್ನು ಗಮನಿಸಬೇಕು. ಓಸ್‌ಬರ್ನನನ್ನು ಕೊನೆಗೆ ಕಠಿಣ ನಿಯಮಕ್ಕೆ ಒಳಪಡಿಸಿದವನೂ ಆತನೇ. ಶಿಸ್ತಿಗೆ ಮುನ್ನ ವಿಶ್ವಾಸವು ಹುಟ್ಟಬೇಕೆಂಬುದು ಆತನ ಕ್ರಮವಾಗಿತ್ತು.

ತರುಣರ ಮೇಲೆಯೇ ಹೆಚ್ಚು ಲಕ್ಷ್ಯವಿಡುವುದೇಕೆಂದು ಕೇಳಿದವರಿಗೆ ಆತನು ಮೇಣದ ಹೋಲಿಕೆಯನ್ನು ಹೇಳುತ್ತಿದ್ದನು. ತೀರ ಮೆತ್ತಗಿನ ಮೇಣದಲ್ಲಿ ಮುದ್ರೆ ನಿಲ್ಲದು, ತೀರ ಗಟ್ಟಿಯಾದುದರಲ್ಲಿ ಮುದ್ರೆ ಮೂಡದು. ಹದವಾದ ಮೇಣವೇ ಅಚ್ಚನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ಯೌವನವು ಅಂಥ ಹದ. ಆದರೆ ವೃದ್ಧರನ್ನೂ ರೋಗಿಗಳನ್ನೂ ಆತನು ಮರೆಯಲಿಲ್ಲ. ನಾಲಿಗೆಯಲ್ಲದೆ ಬೇರೆ ಅಂಗವೇ ಆಡದಂತಾಗಿದ್ದ ಮುದುಕನೊಬ್ಬನಿಗೆ, ದ್ರಾಕ್ಷಿಯನ್ನು ಅಂಗೈಯಲ್ಲಿ ಹಿಂಡಿ ರಸವನ್ನು ಕುಡಿಸಿ ಬಲ ಬರಿಸಿದನೆಂದು ತಿಳಿದುಬರುತ್ತದೆ. ಹಗಲೆಲ್ಲ ಬಂದವರ ಸಂಶಯಗಳನ್ನು ಪರಿಹರಿಸಿ, ಇರುಳಿನಲ್ಲಿ ಲಿಪಿಕಾರರ ಪ್ರಮಾದಗಳಿಂದ ಕೆಟ್ಟಿದ್ದ ಹಸ್ತಪ್ರತಿಗಳನ್ನು ಕುಳಿತು ತಿದ್ದುತ್ತಿದ್ದನು. ಗ್ರಂಥಸಂಪಾದನೆಯ ಶ್ರಮವನ್ನು ಬಲ್ಲವರಿಗೆ ಈ ಸೇವೆಯ ಬೆಲೆ ತಿಳಿದೀತು.

ಈ ಅಧ್ಯಾಪನದಿಂದಲೇ ಆತನ ಗ್ರಂಥಗಳು ಹುಟ್ಟಿದವು. ಹಲವು ಕೃತಿಗಳು ಗುರುಶಿಷ್ಯ ಸಂವಾದದ ರೂಪದಲ್ಲಿವೆ. ಅವುಗಳಲ್ಲಿ ಒಂದು, ವೈಯಾಕರಣನೆಂಬ ಪದವು ದ್ರವ್ಯವನ್ನು ಸೂಚಿಸುತ್ತದೆಯೋ ಗುಣವನ್ನು ಸೂಚಿಸುತ್ತದೆಯೋ ಎಂಬ ಚರ್ಚೆ. ಶಬ್ದಾರ್ಥ ವಿಚಾರದಲ್ಲಿ ಪಳಗಿದವರಿಗೆ ಇದು ಪರಿಚಿತವಾದ ಜಿಜ್ಞಾಸೆಯೇ. ಈ ಸಂವಾದಗಳಲ್ಲಿ ಶಿಷ್ಯನು ತಲೆದೂಗುವ ಬೊಂಬೆಯಲ್ಲ. ಅವನು ಆಕ್ಷೇಪಿಸುತ್ತಾನೆ, ಒಪ್ಪಿದುದನ್ನು ಮರಳಿ ಶಂಕಿಸುತ್ತಾನೆ, ಗುರುವನ್ನು ಇಕ್ಕಟ್ಟಿಗೆ ಸಿಲುಕಿಸುತ್ತಾನೆ. ಪರಮಾತ್ಮನ ಸ್ವರೂಪವನ್ನು ಶಾಸ್ತ್ರವಾಕ್ಯಗಳ ಆಧಾರವಿಲ್ಲದೆ, ಯುಕ್ತಿಯಿಂದಲೇ ತಿಳಿಸಬೇಕೆಂದು ಶಿಷ್ಯರು ಹಟ ಹಿಡಿದುದರಿಂದ 1076ರ ಸುಮಾರಿಗೆ ಮೊನೊಲಾಗಿಯನ್ ಎಂಬ ಗ್ರಂಥ ಸಿದ್ಧವಾಯಿತು. ಅದನ್ನು ಆತನು, ಆ ವೇಳೆಗೆ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷನಾಗಿದ್ದ ತನ್ನ ಗುರು ಲಾನ್‌ಫ್ರಾಂಕನ ಪರಿಶೀಲನೆಗೆ ಕಳುಹಿಸಿದನು.

ಆ ಗ್ರಂಥದಲ್ಲಿ ಅನೇಕ ಯುಕ್ತಿಗಳ ಸರಪಣಿಯಿತ್ತು. ಅವೆಲ್ಲವನ್ನೂ ಒಳಗೊಳ್ಳುವ ಒಂದೇ ಒಂದು ಯುಕ್ತಿ ಸಾಧ್ಯವೇ ಎಂಬ ಚಿಂತೆ ಆತನನ್ನು ಕಾಡಿತು. ಊಟ ನಿದ್ರೆಗಳು ತಪ್ಪಿದವು, ಪೂಜೆಯಲ್ಲೂ ಮನಸ್ಸು ನಿಲ್ಲದಾಯಿತು. ಇದು ಮಾಯೆಯ ಪ್ರಲೋಭನವೆಂದು ಬಿಡಹೊರಟರೂ ಬಿಡಲಾಗಲಿಲ್ಲ. ಕಡೆಗೆ ಒಂದು ರಾತ್ರಿಯ ಪ್ರಾರ್ಥನೆಯ ವೇಳೆಯಲ್ಲಿ ಅದು ಹೊಳೆಯಿತು. ಯಾವುದಕ್ಕಿಂತ ಹಿರಿದಾದುದನ್ನು ಭಾವಿಸಲಾಗದೋ ಅದೇ ದೇವರು; ಅಂಥ ವಸ್ತು ಕೇವಲ ಭಾವನೆಯಲ್ಲಿ ಮಾತ್ರ ಇದೆಯೆಂದರೆ, ವಾಸ್ತವದಲ್ಲೂ ಇರುವ ಇನ್ನೊಂದನ್ನು ಅದಕ್ಕಿಂತ ಹಿರಿದೆಂದು ಭಾವಿಸಬಹುದು; ಆಗ ಹಿರಿದಾದುದಿಲ್ಲವೆಂಬ ಲಕ್ಷಣವೇ ಮುರಿಯುತ್ತದೆ; ಆದ್ದರಿಂದ ಅದು ಭಾವನೆಯಲ್ಲಿ ಹೇಗೋ ಹಾಗೆ ವಾಸ್ತವದಲ್ಲಿಯೂ ಇರಲೇಬೇಕು. ಇದೇ ಆ ಯುಕ್ತಿಯ ಸಾರ. ಇದನ್ನು ಮೇಣದ ಹಲಗೆಗಳ ಮೇಲೆ ಬರೆದು ಒಬ್ಬ ಮಠವಾಸಿಯ ವಶಕ್ಕೆ ಕೊಟ್ಟನು. ಹಲಗೆಗಳು ಕಳೆದುಹೋದವು. ಮತ್ತೆ ಬರೆದು ಕೊಟ್ಟನು. ಈ ಸಲ ಅವು ನೆಲದ ಮೇಲೆ ಒಡೆದು ಚೂರಾಗಿ ಬಿದ್ದಿದ್ದವು. ಯಾರನ್ನೂ ದೂರದೆ ಚೂರುಗಳನ್ನು ಜೋಡಿಸಿ, ಕಷ್ಟದಿಂದ ಓದಿ, ಚರ್ಮಪತ್ರದ ಮೇಲೆ ಪ್ರತಿ ಮಾಡಿಸಿದನು. 1078ರ ವೇಳೆಗೆ ಪೂರ್ಣಗೊಂಡ ಪ್ರೊಸ್ಲಾಗಿಯನ್ ಎಂಬ ಆ ಕಿರುಹೊತ್ತಗೆಯೇ ಆತನ ಅಮರಕೃತಿ.

ಈ ವಾದಕ್ಕೆ ಮೊದಲ ಪ್ರಬಲ ವಿರೋಧ ಬಂದುದು ತೂರ್ ನಗರದ ಸಮೀಪದ ಮಾರ್ಮೂತಿಯೇ ಮಠದ ಗೌನಿಲೋ ಎಂಬ ಸಂನ್ಯಾಸಿಯಿಂದ. ಎಲ್ಲ ದ್ವೀಪಗಳಿಗಿಂತಲೂ ಶ್ರೇಷ್ಠವಾದ, ಕಳೆದುಹೋದ ದ್ವೀಪವೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡಮಾತ್ರಕ್ಕೆ ಅದು ಕಡಲಿನಲ್ಲಿ ಇದೆಯೆಂದು ಸಿದ್ಧವಾಗುವುದೇ ಎಂಬುದು ಆತನ ಆಕ್ಷೇಪ. ಅನ್ಸೆಲ್ಮನು ಕೋಪಿಸಲಿಲ್ಲ. ಆಕ್ಷೇಪಕ್ಕೆ ವಂದನಾಪೂರ್ವಕವಾಗಿ ಉತ್ತರ ಬರೆದನು. ಮುಂದೆ ತನ್ನ ಗ್ರಂಥವನ್ನು ಯಾರೇ ಪ್ರತಿ ಮಾಡಿಕೊಂಡರೂ ಗೌನಿಲೋವಿನ ಖಂಡನೆಯನ್ನೂ ತನ್ನ ಸಮಾಧಾನವನ್ನೂ ಅದರ ಕೊನೆಗೆ ಸೇರಿಸಿಯೇ ಬರೆಯಬೇಕೆಂದು ಕಟ್ಟುಮಾಡಿದನು. ಖಂಡನೆಯು ಇಂದಿಗೂ ಉಳಿದು ಬಂದಿರುವುದಕ್ಕೆ ಖಂಡಿತನಾದವನೇ ಕಾರಣನಾದನು. ಓಸ್‌ಬರ್ನನ ದ್ವೇಷವನ್ನು ಸಹಿಸಿದ ಮನಸ್ಸೇ ಗೌನಿಲೋವಿನ ತರ್ಕಕ್ಕೂ ಮನ್ನಣೆ ನೀಡಿತು.

1078ರಲ್ಲಿ ವೃದ್ಧನಾದ ಹೆರ್ಲುಯಿನ್ ಕಾಲವಾದನು. ಮಠವಾಸಿಗಳು ಏಕಕಂಠದಿಂದ ಅನ್ಸೆಲ್ಮನನ್ನು ಅಧಿಪತಿಯಾಗಿ ಆರಿಸಿದರು. ಆತನು ನೆಲಕ್ಕೆ ಬಿದ್ದು ಬೇಡವೆಂದು ಅತ್ತನು. ಅವರೂ ನೆಲಕ್ಕೆ ಬಿದ್ದು ಒಪ್ಪಬೇಕೆಂದು ಬೇಡಿದರು. ಒಪ್ಪಿಕೊಂಡು 15 ವರ್ಷ ಮಠವನ್ನು ನಡೆಸಿದನು. ಆಸ್ತಿಯ ವ್ಯಾಜ್ಯಗಳಲ್ಲಿ ಆತನಿಗೆ ರುಚಿಯಿರಲಿಲ್ಲ. ಪ್ರತಿವಾದಿಗಳು ಕುಯುಕ್ತಿಗಳನ್ನು ಹೆಣೆಯುತ್ತಿದ್ದರೆ ಆತನು ಹತ್ತಿರದವರಿಗೆ ಧರ್ಮಬೋಧೆ ಮಾಡುವನು. ಕೇಳುವವರಿಲ್ಲದಿದ್ದರೆ ಕುಳಿತಲ್ಲೇ ತೂಕಡಿಸುವನು. ಅವರ ವಾದ ಮುಗಿದೊಡನೆ ಎಚ್ಚತ್ತು, ಅದರ ಲೋಪವನ್ನು ಎರಡು ಮಾತುಗಳಲ್ಲಿ ಎತ್ತಿ ತೋರುವನು. ಬೆಕ್ ಮಠದ ಸಂನ್ಯಾಸಿಗಳಲ್ಲಿ ಬಹುತೇಕ ಎಲ್ಲರೂ ತತ್ತ್ವಜ್ಞಾನಿಗಳಂತೆ ತೋರುತ್ತಾರೆಂದು ಆರ್ಡೆರಿಕ್ ವಿಟಾಲಿಸ್ ಎಂಬ ಆ ಕಾಲದ ಇತಿಹಾಸಕಾರನು ಬರೆದಿಟ್ಟಿದ್ದಾನೆ. ಮನಸ್ಸಿನ ತೊಡಕುಗಳನ್ನು ಹೊತ್ತು ಅಲ್ಲಿಗೆ ಬಂದ ಬೋಸೋ ಎಂಬ ತರುಣನು ಸಮಾಧಾನ ಪಡೆದು ಅಲ್ಲಿಯೇ ನಿಂತನು. ಮುಂದೆ 1124ರಲ್ಲಿ ಆ ಮಠಕ್ಕೇ ಅಧಿಪತಿಯಾದನು.

1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಮನು ಇಂಗ್ಲೆಂಡನ್ನು ಗೆದ್ದಂದಿನಿಂದ ಬೆಕ್ ಮಠಕ್ಕೆ ಆ ದೇಶದಲ್ಲೂ ಭೂದಾನಗಳು ಬಂದಿದ್ದವು. ಲಂಡನ್ ನಗರದ ಟೂಟಿಂಗ್ ಬೆಕ್ ಎಂಬ ಬಡಾವಣೆಯ ಹೆಸರು ಅದರ ಗುರುತು. ಆ ಭೂಮಿಗಳ ನಿಮಿತ್ತವಾಗಿಯೂ ಒಬ್ಬ ಸಾಮಂತನ ಕರೆಯ ಮೇರೆಗೂ 1092ರಲ್ಲಿ ಅನ್ಸೆಲ್ಮನು ಇಂಗ್ಲೆಂಡಿಗೆ ಹೋದನು. 1089ರಲ್ಲಿ ಲಾನ್‌ಫ್ರಾಂಕನು ತೀರಿಕೊಂಡ ಮೇಲೆ ಕ್ಯಾಂಟರ್‌ಬರಿಯ ಪೀಠವನ್ನು ದೊರೆ ಎರಡನೆಯ ವಿಲಿಯಮನು ಬರಿದಾಗಿಯೇ ಇಟ್ಟು, ಅದರ ಆದಾಯವನ್ನು ತಾನೇ ಸೆಳೆದುಕೊಳ್ಳುತ್ತಿದ್ದನು. 1093ರಲ್ಲಿ ಕಾಯಿಲೆ ಬಿದ್ದು ಸಾವು ಸಮೀಪಿಸಿತೆಂದು ಹೆದರಿದ ದೊರೆಯು ಅನ್ಸೆಲ್ಮನನ್ನು ಆ ಪೀಠಕ್ಕೆ ಹೆಸರಿಸಿದನು. ಅನ್ಸೆಲ್ಮನು ಮುಷ್ಟಿ ಬಿಗಿಹಿಡಿದನು. ಧರ್ಮಾಧ್ಯಕ್ಷರು ಬಲವಂತದಿಂದ ಬೆರಳು ಬಿಡಿಸಲು ನೋಡಿ, ಆಗದಾಗ ಮುಚ್ಚಿದ ಮುಷ್ಟಿಗೇ ಧರ್ಮದಂಡವನ್ನು ಒತ್ತಿಹಿಡಿದು ಜಯಘೋಷ ಮಾಡಿದರು. ಪಳಗದ ಗೂಳಿಯೊಡನೆ ಮುದಿ ಕುರಿಯನ್ನು ಒಂದೇ ನೇಗಿಲಿಗೆ ಹೂಡುತ್ತಿದ್ದೀರೆಂದು ಆತನು ಎಚ್ಚರಿಸಿದನು. ಹಾಗೆಯೇ ಆಯಿತು.

ದೊರೆ ಗುಣವಾದನು, ಪಶ್ಚಾತ್ತಾಪ ಮರೆಯಿತು. ಧರ್ಮಪೀಠದ ಸ್ವಾತಂತ್ರ್ಯದ ವಿಷಯದಲ್ಲಿ ಇಬ್ಬರಿಗೂ ವಿರಸ ಬೆಳೆದು, 1097ರಲ್ಲಿ ಅನ್ಸೆಲ್ಮನು ದೇಶ ಬಿಡಬೇಕಾಯಿತು. ಆ ಪ್ರವಾಸದಲ್ಲೇ 1098ರಲ್ಲಿ, ದಕ್ಷಿಣ ಇಟಲಿಯ ಬೆಟ್ಟದ ಮೇಲಣ ಒಂದು ಹಳ್ಳಿಯಲ್ಲಿ, ದೇವರು ಮನುಷ್ಯನಾಗಿ ಅವತರಿಸಿದುದೇಕೆಂಬ ಮಹಾಗ್ರಂಥವನ್ನು ಮುಗಿಸಿದನು. ಅದರಲ್ಲಿ ಪ್ರಶ್ನೆ ಕೇಳುವ ಶಿಷ್ಯನು ಬೆಕ್ ಮಠದ ಬೋಸೋ. 1100ರಲ್ಲಿ ವಿಲಿಯಮನು ಮಡಿದು, ತಮ್ಮನಾದ ಹೆನ್ರಿಯು ಪಟ್ಟವೇರಿ ಅನ್ಸೆಲ್ಮನನ್ನು ಮರಳಿ ಕರೆಸಿಕೊಂಡನು. 1102ರಲ್ಲಿ ಆತನ ಅಧ್ಯಕ್ಷತೆಯಲ್ಲಿ ನಡೆದ ವೆಸ್ಟ್‌ಮಿನ್ಸ್ಟರ್ ಧರ್ಮಸಭೆಯು, ಮನುಷ್ಯರನ್ನು ಪಶುಗಳಂತೆ ಮಾರುವ ಪದ್ಧತಿಯನ್ನು ನಿಷೇಧಿಸಿತು. ಧರ್ಮಾಧ್ಯಕ್ಷರಿಗೆ ಉಂಗುರವನ್ನೂ ದಂಡವನ್ನೂ ಅರಸನೇ ನೀಡುವ ಪದ್ಧತಿಯ ಬಗ್ಗೆ ಹೆನ್ರಿಯೊಡನೆಯೂ ವಿವಾದವೆದ್ದು, 1103ರಲ್ಲಿ ಮತ್ತೆ ದೇಶಾಂತರವಾಸ ಒದಗಿತು. ಹಟಮಾಡುವ ದೊರೆಯನ್ನೂ ಆತನು ದೀರ್ಘ ತಾಳ್ಮೆಯಿಂದ ಕಾದನು. 1106ರ ಆಗಸ್ಟ್ 15ರಂದು ಹೆನ್ರಿಯೇ ಬೆಕ್ ಮಠಕ್ಕೆ ಬಂದು ಆತನೊಡನೆ ಸಂಧಿ ಮಾಡಿಕೊಂಡನು. ಮರುವರ್ಷ ಲಂಡನ್ನಿನಲ್ಲಿ ದೊರೆಯು ಉಂಗುರ ದಂಡಗಳ ಹಕ್ಕನ್ನು ಬಿಟ್ಟುಕೊಟ್ಟನು. ಧರ್ಮಾಧ್ಯಕ್ಷರು ತಮ್ಮ ಭೂಮಿಗಳಿಗಾಗಿ ದೊರೆಗೆ ವಿಧೇಯತೆ ಸಲ್ಲಿಸುವುದು ಮಾತ್ರ ಉಳಿಯಿತು. ಅರಸನ ಮುಂದೆಯೂ ಅನ್ಸೆಲ್ಮನು ಬಿಗಿಯಬೇಕಾದಲ್ಲಿ ಬಿಗಿದು, ಸಡಿಲಿಸಬಹುದಾದಲ್ಲಿ ಸಡಿಲಿಸಿದನು.

ಅಧಿಕಾರದ ಶಿಖರದಲ್ಲಿದ್ದಾಗಲೂ ಆತನ ಹೃದಯ ಕಲ್ಲಾಗಲಿಲ್ಲ. ಒಮ್ಮೆ ದಾರಿಯಲ್ಲಿ ಪರಿವಾರದ ಹುಡುಗರು ನಾಯಿಗಳೊಡನೆ ಅಟ್ಟಿದ ಮೊಲವೊಂದು ಆತನ ಕುದುರೆಯ ಕಾಲಡಿಯಲ್ಲಿ ಬಂದು ಅವಿತುಕೊಂಡಿತು. ಕುದುರೆಯನ್ನು ನಿಲ್ಲಿಸಿ ಆಶ್ರಯವಿತ್ತನು. ಸುತ್ತ ನಿಂತವರು ನಕ್ಕಾಗ ಆತನು ಕಣ್ಣೀರು ತಂದುಕೊಂಡು, ಸಾಯುವ ಮನುಷ್ಯನ ಆತ್ಮವೂ ಹೀಗೆಯೇ ದಿಕ್ಕುಗೆಟ್ಟು ಆಶ್ರಯ ಹುಡುಕುತ್ತದೆಂದು ಹೇಳಿ, ನಾಯಿಗಳನ್ನು ತಡೆದು ಮೊಲವನ್ನು ಬಿಡಿಸಿದನು.

1109ರ ಏಪ್ರಿಲ್ 21ರಂದು, ಪುನರುತ್ಥಾನದ ಹಬ್ಬಕ್ಕೆ ಮುಂಚಿನ ಬುಧವಾರದ ಬೆಳಗಿನ ಜಾವದಲ್ಲಿ, 76ನೆಯ ವಯಸ್ಸಿನಲ್ಲಿ ಆತನು ದೇಹವಿಟ್ಟನು. ಅದಕ್ಕೆ ಕೆಲವು ದಿನಗಳ ಹಿಂದೆ, ಹಬ್ಬದ ಹೊತ್ತಿಗೆ ಪರಮಾತ್ಮನ ಆಸ್ಥಾನಕ್ಕೆ ತೆರಳುವಿರೆಂದು ಬಳಿಯಿದ್ದವರು ಹೇಳಿದಾಗ, ಅದು ದೈವಸಂಕಲ್ಪವಾದರೆ ತನಗೆ ಸಂತೋಷವೇ ಎಂದನು. ಆದರೆ ಆತ್ಮದ ಮೂಲವೇನೆಂಬ ಪ್ರಶ್ನೆಯನ್ನು ಇತ್ಯರ್ಥಗೊಳಿಸುವವರೆಗೆ ಬಿಟ್ಟರೆ ಒಳ್ಳೆಯದು, ತಾನು ಹೋದ ಮೇಲೆ ಅದನ್ನು ಯಾರಾದರೂ ಬಿಡಿಸುವರೋ ಇಲ್ಲವೋ ಎಂದೂ ಸೇರಿಸಿದನು. ಆ ಪಾಠವು ಅರ್ಧಕ್ಕೆ ನಿಂತಿತು. 1720ರಲ್ಲಿ ರೋಮಿನ ಧರ್ಮಪೀಠವು ಆತನನ್ನು ಧರ್ಮಾಚಾರ್ಯರ ಶ್ರೇಣಿಯಲ್ಲಿ ಎಣಿಸಿತು.

ಈ ಜೀವಿತದ ವಿವರಗಳು ನಮಗೆ ದೊರೆತುದೂ ಒಬ್ಬ ಶಿಷ್ಯನಿಂದ. ಈಡ್ಮರ್ ಎಂಬ ಕ್ಯಾಂಟರ್‌ಬರಿಯ ಸಂನ್ಯಾಸಿಯು ಗುರುವಿನ ನಡೆನುಡಿಗಳನ್ನು ಗುಟ್ಟಾಗಿ ಬರೆದಿಡುತ್ತಿದ್ದನು. ಅದು ತಿಳಿದಾಗ ಅನ್ಸೆಲ್ಮನು ಮೊದಲು ಕೆಲವೆಡೆ ತಿದ್ದಿಕೊಟ್ಟನು; ಅನಂತರ ತನ್ನಂಥವನ ಚರಿತ್ರೆ ಯಾರಿಗೂ ಬೇಡವೆಂದು ಆ ಹಾಳೆಗಳನ್ನು ನಾಶಮಾಡಲು ಆಜ್ಞಾಪಿಸಿದನು. ಈಡ್ಮರನು ಹಾಳೆಗಳನ್ನು ನಾಶಮಾಡಿದನು, ಆದರೆ ಅದಕ್ಕೆ ಮುನ್ನ ಬೇರೆ ಹಾಳೆಗಳ ಮೇಲೆ ಎಲ್ಲವನ್ನೂ ಪ್ರತಿ ಮಾಡಿಕೊಂಡನು. ಹ್ರಸ್ವದೀರ್ಘದ ವಿಷಯದಲ್ಲಿ ಲಾನ್‌ಫ್ರಾಂಕನು ತೋರಿದ ವಿಧೇಯತೆ ಒಂದು ಬಗೆಯದು, ಈಡ್ಮರನದು ಇನ್ನೊಂದು ಬಗೆಯದು. ಎರಡನ್ನೂ ಲೋಕವು ಕ್ಷಮಿಸಿ ಕೊಂಡಾಡಿದೆ.

ಬೆಕ್ ಮಠವು ಅನೇಕ ಏರಿಳಿತಗಳನ್ನು ಕಂಡಿತು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಸಂನ್ಯಾಸಿಗಳು ಹೊರದೂಡಲ್ಪಟ್ಟರು. ಮಠದ ಮಹಾದೇವಾಲಯವನ್ನು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಕೆಡವಲಾಯಿತು. ಉಳಿದ ಕಟ್ಟಡಗಳು ಸೈನ್ಯದ ಕುದುರೆಗಳ ಲಾಯಗಳಾದವು. ಪಾಠ ನಡೆದಲ್ಲಿ ಹೇಷಾರವ ಕೇಳಿಬಂದಿತು. ಹದಿನೈದನೆಯ ಶತಮಾನದ ಸಂತ ನಿಕೊಲಸನ ಗೋಪುರವೊಂದು ಮಾತ್ರ ಹಳೆಯ ವೈಭವಕ್ಕೆ ಸಾಕ್ಷಿಯಾಗಿ ನಿಂತಿತು. 1948ರಲ್ಲಿ ಬೆನೆಡಿಕ್ಟನ ಪರಂಪರೆಯ ಸಂನ್ಯಾಸಿಗಳು ಮತ್ತೆ ಬಂದು ನೆಲೆಸಿ ಪೂಜೆ ಅಧ್ಯಯನಗಳನ್ನು ಆರಂಭಿಸಿದರು. ಹಿಂದಣ ಭೋಜನಶಾಲೆಯೇ ಈಗ ಅವರ ದೇವಾಲಯ. ಹೆರ್ಲುಯಿನ್ನನ ಸಮಾಧಿಯು ಅಲ್ಲಿಯೇ ಇದೆ.

ನಾಲ್ವತ್ತರಲ್ಲಿ ಅಕ್ಷರ ಕಲಿತ ದಾನಿಯೊಬ್ಬನು ಕಟ್ಟಿದ ಮಠ, ಅದರ ಬಡತನ ನೀಗಲು ತೆರೆದ ಶಾಲೆ, ಆ ಶಾಲೆಗೆ ಓದಲು ಬಂದು ಗುರುವಾಗಿ ನಿಂತವನ ಕೀರ್ತಿ, ಇವು ಮೂರೂ ಒಂದೇ ತೊರೆಯ ನೀರುಂಡು ಬೆಳೆದವು. ಕಟ್ಟಡಗಳು ಬಿದ್ದುದನ್ನೂ ಎದ್ದುದನ್ನೂ ಆ ಕಣಿವೆ ಕಂಡಿದೆ. ಸಸಿಗೆ ಕೊಂಬೆ ಚಾಚಲು ಎಡೆ ಬಿಡಬೇಕೆಂದು ಅಲ್ಲಿ ಒಬ್ಬ ಅಧ್ಯಾಪಕನು ಇನ್ನೊಬ್ಬ ಅಧ್ಯಾಪಕನಿಗೆ ಹೇಳಿದ ಮಾತು ಮಾತ್ರ ಬೀಳದೆ ನಿಂತಿದೆ. ತರಗತಿಯ ಬಾಗಿಲನ್ನು ದಿನವೂ ದಾಟುವ ಅಧ್ಯಾಪಕ ಬಂಧುಗಳು, ಹಿಂದಿನ ಬೆಂಚಿನಲ್ಲಿ ಮುಖ ಗಂಟಿಕ್ಕಿಕೊಂಡು ಕುಳಿತ ಓಸ್‌ಬರ್ನನನ್ನು ಕಂಡಾಗ ಅದನ್ನು ನೆನೆದರೆ, ಅನ್ಸೆಲ್ಮನ ಚರಿತ್ರೆಯನ್ನು ಓದಿದುದು ಸಾರ್ಥಕವಾದೀತು.